ಹಾಲು ನಮ್ದು, ಕೆನೆ ಅವರ್ದು

ನಮ್ಮ ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆ ನಾಲ್ಕಿದ್ದವು. ಮನೆಯಲ್ಲಿ ನಾವು ಕುಡಿಯುತ್ತಿದ್ದುದು ಮಾತ್ರ ಬೆಲ್ಲದ ಕರಿಕಾಫಿ. ಕೋಲಾರದ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ ತಮಿಳರು ಅದಕ್ಕೆ ವರಕಾಪಿ ಅನ್ನುತ್ತಿದ್ದರು. ಹಾಲು ಮಾರುವುದಕ್ಕೆ, ಮೊಸರು ಸಾಲ ತೀರಿಸುವುದಕ್ಕೆ, ಮಕ್ಕಳಿಗೆ ಉಳಿದದ್ದು ಮಜ್ಜಿಗೆ. ಬಂಗಾರಪೇಟೆಯಿಂದ ಒಂದೂವರೆ ಮೈಲಿ ಆಚೆಗಿನ ನಮ್ಮ ಹಳ್ಳಿಯಲ್ಲಿ ಇದನ್ನು ಯಾರೂ ಬಡತನ ಅಂತ ಕರೆಯುತ್ತಿರಲಿಲ್ಲ. ಎಮ್ಮೆ ಸಾಕಿದವರ ಮನೆ ಇರುವುದೇ ಹಾಗೆ.

ಅಪ್ಪ ಮೂರೂವರೆಗೆಲ್ಲ ಎದ್ದು ಲಾಟೀನು ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದ. ಕರೆದ ಹಾಲನ್ನು ಎರಡು ಕ್ಯಾನಿಗೆ ತುಂಬಿ, ತುಳುಕದಿರಲಿ ಅಂತ ಬಾಯಿಗೆ ಹಸಿ ಹುಲ್ಲಿನ ಸುರುಳಿ ಇಟ್ಟು, ಸೈಕಲ್ಲಿನ ಎರಡೂ ಕಡೆ ನೇತುಹಾಕಿಕೊಂಡು ಸ್ಟೇಷನ್ನಿಗೆ ಓಡುತ್ತಿದ್ದ. ಗಣಿಗೆ ಹೋಗುವ ಮಾರಿಕುಪ್ಪಂ ಗಾಡಿಯ ಒಂದು ಬೋಗಿಯ ತುಂಬ ಹಾಲಿನವರು, ಸೊಪ್ಪಿನವರು, ಹೂವಿನವರು. ರಜೆ ಇದ್ದರೆ ನಾನೂ ಹೋಗುತ್ತಿದ್ದೆ. 1968-69ರ ಮಾತು, ನನಗಾಗ ಹತ್ತು ವರ್ಷ.

ಆ ಗಾಡಿಯ ಹಿಂದಿನ ಕತೆಯನ್ನು ತಿಳಿದುಕೊಂಡಿದ್ದು ಮೇಷ್ಟರಾದ ಮೇಲೆ. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಬಂತು. ಆಗಿನ ಮೈಸೂರು ಕಮಿಷನರ್ ಲೂಯಿನ್ ಬೌರಿಂಗ್ ಹೆಸರಿನಿಂದ ನಮ್ಮೂರು ಬೌರಿಂಗ್‌ಪೇಟೆ ಆಯಿತು, ಜನರ ಬಾಯಲ್ಲಿ ಬಂಗಾರಪೇಟೆ ಆಯಿತು. ಹೊರಗಿನವರು ಈಗಲೂ ಗಣಿ ಇಲ್ಲೇ ಇದೆ ಅಂದುಕೊಂಡು ಬಂದಿಳಿಯುತ್ತಾರೆ. ಇಲ್ಲಿ ಸಿಗುವುದು ಪಾನಿಪೂರಿ. ಗಣಿಗೆ ಲೈಸೆನ್ಸ್ ಪಡೆದ ಮೈಕೆಲ್ ಲ್ಯಾವೆಲ್ ಕೈಯಲ್ಲಿ ದುಡ್ಡಿರಲಿಲ್ಲ, ಬೇರೆಯವರಿಗೆ ಬಿಟ್ಟುಕೊಟ್ಟ; ಬೆಂಗಳೂರಿನ ರಸ್ತೆಯೊಂದಕ್ಕೆ ಹೆಸರು ಬಿಟ್ಟು ಹೋದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಹಾಕಿದ ಮೇಲೆ ಗಣಿ ಗಣಿಯಾಯಿತು. 1894ರಲ್ಲಿ ನಮ್ಮಲ್ಲಿಂದ ಮಾರಿಕುಪ್ಪಂಗೆ ಹತ್ತು ಮೈಲಿಯ ಕವಲು ಹಳಿ ಬಿತ್ತು. 1902ರಲ್ಲಿ ಶಿವನಸಮುದ್ರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರು ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ತಂತಿ ಹಾದು ಬಂದ ದಾರಿಯ ಹಳ್ಳಿಗಳಿಗೆ ಎಷ್ಟು ವರ್ಷಕ್ಕೆ ಬಂತು ಅನ್ನುವುದನ್ನು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ. ನಮ್ಮ ಮನೆಯ ಲಾಟೀನಿಗೆ ಗೊತ್ತಿತ್ತು.

ಉರಿಗಾಂ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೆ ಸೈನೈಡ್ ದಿಬ್ಬ. ಬಂಗಾರ ತೆಗೆದು ಬಿಸಾಕಿದ ಕಲ್ಲಿನ ಹಿಟ್ಟು, ಗಾಳಿ ಬಂದರೆ ಹಾಲಿನ ಕ್ಯಾನಿನ ಮುಚ್ಚಳದ ಮೇಲೂ ಕೂರುತ್ತಿತ್ತು. ದಿಬ್ಬ ದಾಟಿ ಆ ಕಡೆ ಹೋದರೆ ಗಣಿ ಕೂಲಿಗಳ ತಗಡಿನ ಲೈನ್ ಮನೆಗಳು. ಈ ಕಡೆ ಏರಿದರೆ ಹೆಂಚಿನ ಬಂಗಲೆ, ಗುಲಾಬಿ ಗಿಡ, ನಾಯಿ. ಅಪ್ಪನ ಹಾಲಿನ ವರ್ತನೆ ಎರಡು ಕಡೆಯೂ ಇತ್ತು. ಲೈನಿನಲ್ಲಿ ಪಾವು, ಅರೆಪಾವು. ಬಂಗಲೆಯಲ್ಲಿ ಸೇರುಗಟ್ಟಲೆ.

ಒಂದು ಬಂಗಲೆಯ ದೊರೆಸಾನಮ್ಮ ಆಂಗ್ಲೋ-ಇಂಡಿಯನ್ನರು. ಅವರ ಯಜಮಾನರು ಗಣಿಯೊಳಗೆ ಮೇಲ್ವಿಚಾರಕರು. ಆಯಮ್ಮ ಮಾತಾಡುತ್ತಿದ್ದುದು ಅಡುಗೆಮನೆ ತಮಿಳು, ಅಪ್ಪ ಉತ್ತರ ಕೊಡುತ್ತಿದ್ದುದು ತೆಲುಗು ಬೆರೆತ ಕನ್ನಡದಲ್ಲಿ. ಕ್ಯಾನು ಇಳಿಸುವ ಮೊದಲೇ "ಪಾಲ್‌ಕಾರಾ, ಇನ್ನಿಕ್ಕಿ ತಣ್ಣಿ ಎವ್ವಳವು?" ಅಂತ ಕೇಳುವುದು, ಅಂದರೆ ಇವತ್ತು ನೀರೆಷ್ಟು ಅಂತ. ಅಪ್ಪ ನಗುತ್ತಿದ್ದ. ಆಮೇಲೆ ಆಯಮ್ಮ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುವುದು. ಅಪ್ಪ ಆಗ ನಗುತ್ತಿರಲಿಲ್ಲ. ನೀರು ಬೆರೆಸಿದವನಲ್ಲ ಅವನು. ಆದರೂ ಆ ಗಾಜಿನ ಕಡ್ಡಿ ಹಾಲಿನಲ್ಲಿ ತೇಲಿ ನಿಲ್ಲುವವರೆಗೆ ಅವನ ಮುಖ ಪರೀಕ್ಷೆ ಹಾಲಿನಲ್ಲಿ ಕೂತ ಹುಡುಗನ ಥರ ಆಗುತ್ತಿತ್ತು.

ಡಿಸೆಂಬರ್ ಬಂದರೆ ಎರಡು ಸೇರು ಹೆಚ್ಚು. ಆ ಹಾಲನ್ನು ಅಗಲ ಬಾಯಿಯ ಪಿಂಗಾಣಿ ಬೋಗುಣಿಗೆ ಹಾಕಿ, ಉಕ್ಕಲು ಬಿಡದೆ ಇದ್ದಿಲು ಒಲೆಯ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟು, ಆಮೇಲೆ ಅಲುಗಾಡಿಸದೆ ತಂಪಿಗೆ ಇಡುತ್ತಿದ್ದರು. ಮಾರನೆ ಬೆಳಗ್ಗೆ ಮೇಲೆ ಬಿಳಿ ಕಂಬಳಿ ಹೊದಿಸಿದ ಹಾಗೆ ಕೆನೆ. ಚಪ್ಪಟೆ ಚಮಚದಲ್ಲಿ ಎತ್ತಿದರೆ ಸುಕ್ಕುಗಟ್ಟಿಕೊಂಡು ಬರುತ್ತಿತ್ತು. ನಮ್ಮವ್ವನೂ ಕೆನೆ ತೆಗೆಯುತ್ತಿದ್ದಳು, ಬೆಣ್ಣೆಗೆ. ಇಷ್ಟು ಸಾವಧಾನ ನಾನು ಬೇರೆ ಕಡೆ ಕಂಡಿರಲಿಲ್ಲ. ಈ ಪದ್ಧತಿ ಎಲ್ಲಿಯದು ಅನ್ನುವುದು ಗೊತ್ತಾಗುವ ಹೊತ್ತಿಗೆ ನನ್ನ ತಲೆ ನೆರೆತಿತ್ತು. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲಿನದು. ಅಲ್ಲಿನ ತವರ, ತಾಮ್ರದ ಗಣಿಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೆಲ ಕಚ್ಚಿದಾಗ ಅಲ್ಲಿನ ಗಣಿಗಾರರು ದಕ್ಷಿಣ ಆಫ್ರಿಕಾಕ್ಕೆ, ಆಸ್ಟ್ರೇಲಿಯಾಕ್ಕೆ, ಕೋಲಾರಕ್ಕೆ ಚದುರಿದರು. ಭೂಮಿಯಲ್ಲಿ ಎಲ್ಲೇ ಗುಂಡಿ ಕಂಡರೂ ತಳದಲ್ಲಿ ಒಬ್ಬ ಕಾರ್ನ್‌ವಾಲಿನವನು ಇರುತ್ತಾನೆ ಅಂತ ಮಾತೇ ಇತ್ತಂತೆ. ಅವರ ಊರಿನ ಹೆಸರುವಾಸಿ ತಿನಿಸು ಇದೇ ಗಟ್ಟಿ ಕೆನೆ, ಕಾಯಿಸಿ ಅಗಲ ಪಾತ್ರೆಯಲ್ಲಿ ಆರಿಸಿ ತೆಗೆದದ್ದು. ದೊರೆಸಾನಮ್ಮನ ಅಜ್ಜ ಆ ಕಡೆಯವನು ಅಂತ ಆಯಮ್ಮನೇ ಒಮ್ಮೆ ಅಂದದ್ದುಂಟು. ಅಜ್ಜನ ಊರಿನ ಕೆನೆ ನಮ್ಮ ಎಮ್ಮೆಯ ಹಾಲಿನಲ್ಲಿ ಇನ್ನೂ ದಪ್ಪಗೆ ಕಟ್ಟುತ್ತಿತ್ತು. ಕಟ್ಟದೆ ಏನು, ಎಮ್ಮೆ ಹಾಲಿನ ಕೊಬ್ಬು ಹಸುವಿನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು.

ಆ ಕೆನೆ ಹೋಗುತ್ತಿದ್ದುದು ಕ್ರಿಸ್ಮಸ್ಸಿನ ಕಾಫಿಗೆ. ಹಿತ್ತಲ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಹಿತ್ತಾಳೆ ಫಿಲ್ಟರಿನಿಂದ ರಾತ್ರಿಯಿಡೀ ತೊಟ್ಟಿಕ್ಕಿದ ಡಿಕಾಕ್ಷನ್ನು, ಕಂದು ಸಕ್ಕರೆ, ಗಿಡ್ಡ ಕತ್ತಿನ ಬಾಟಲಿಯಿಂದ ಕಪ್ಪನೆಯದೊಂದು ಅಳತೆ, ಕೊನೆಗೆ ಚಮಚದ ಬೆನ್ನ ಮೇಲಿಂದ ಜಾರಿಸಿದ ಕೆನೆ, ಅದರ ಮೇಲೆ ಜಾಯಿಕಾಯಿಯ ಪುಡಿ. ಬಾಟಲಿಯಲ್ಲಿದ್ದದ್ದು ರಮ್ಮು, ಸೈನ್ಯದಲ್ಲಿದ್ದ ನೆಂಟರು ಕ್ಯಾಂಟೀನಿನಿಂದ ತಂದುಕೊಡುತ್ತಿದ್ದ ಓಲ್ಡ್ ಮಂಕ್. 1954ರಲ್ಲಿ ಮಾರುಕಟ್ಟೆಗೆ ಬಂದದ್ದು, ಇವತ್ತಿಗೂ ಬಾಟಲಿ ಹೆಚ್ಚು ಬದಲಾಗಿಲ್ಲ. ರಮ್ಮಿನ ಹುಟ್ಟು ಕಾಕಂಬಿಯಲ್ಲಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಲ್ಲಿ. ಕೆರಿಬಿಯನ್ ದ್ವೀಪಗಳ ಗುಲಾಮರ ಕಬ್ಬಿನ ತೋಟದಲ್ಲಿ ಶುರುವಾಗಿ, ಬ್ರಿಟಿಷ್ ನೌಕಾಪಡೆಯ ದಿನದ ಪಡಿಯಾಗಿ, ಅವರು ಹೋದ ಕಡೆಗೆಲ್ಲ ಹೋಯಿತು. ಆ ಪಡಿಯನ್ನು ನಿಲ್ಲಿಸಿದ್ದು ತೀರ ಇತ್ತೀಚೆಗೆ, 1970ರ ಜುಲೈ 31ಕ್ಕೆ.

ಕೆನೆ ಯಾಕೆ ಬೇಕಿತ್ತು ಅನ್ನುವುದಕ್ಕೆ ರುಚಿಯಲ್ಲದೆ ಇನ್ನೊಂದು ಕಾರಣವೂ ಇತ್ತು. ಮನೆಯಲ್ಲಿ ಯಜಮಾನರ ತಾಯಿ ಇದ್ದರು, ಹೆಂಡದ ವಾಸನೆ ಕಂಡರಾಗದು. ಕೆನೆಯ ಮುಚ್ಚಳ ಬಿದ್ದರೆ ವಾಸನೆ ಮೇಲೇಳುವುದಿಲ್ಲ. ಜರ್ಮನಿಯ ಉತ್ತರ ತುದಿಯ ನೋರ್ಡ್‌ಸ್ಟ್ರಾಂಡಿನಲ್ಲೂ ಇದೇ ಉಪಾಯದ ಕತೆ ಹೇಳುತ್ತಾರೆ. 1872ರಲ್ಲಿ ಒಂದು ನಾಮಕರಣದ ಊಟ. ಮದ್ಯದ ವೈರಿಯಾದ ಪಾದ್ರಿ ಎದುರಿಗೇ ಕೂತಿದ್ದಾರೆ. ಮನೆಯವರು ಎಲ್ಲರ ಕಾಫಿಗೂ ರಮ್ಮು ಸುರಿದು ಮೇಲೆ ಕಡೆದ ಕೆನೆ ಮುಚ್ಚಿದರು, ಪಾದ್ರಿಗೆ ಮಾತ್ರ ಬರಿ ಕೆನೆಕಾಫಿ. ಹೊತ್ತೇರಿದಂತೆ ಸಭೆಯ ಗದ್ದಲ ಏರಿತು. ಪಾದ್ರಿಗೆ ಯಾವುದೋ ತಪ್ಪು ಬಟ್ಟಲು ಕೈಗೆ ಬಂತು, ಗುಟುಕರಿಸಿದವರೇ "ಫರಿಸಾಯರೇ!" ಅಂತ ಕೂಗಿದರು, ಬೈಬಲ್ಲಿನ ಆಷಾಢಭೂತಿಗಳ ಹೆಸರು ಹಿಡಿದು. ಆ ಪಾನೀಯಕ್ಕೆ ಅಲ್ಲಿ ಅದೇ ಹೆಸರು ನಿಂತಿದೆ. ಜಗತ್ಪ್ರಸಿದ್ಧವಾದ ವಿಸ್ಕಿಯ ಐರಿಷ್ ಕಾಫಿ ಹುಟ್ಟಿದ್ದು ಇದಕ್ಕಿಂತ ಎಷ್ಟೋ ಆಮೇಲೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ.

ಒಂದು ಕ್ರಿಸ್ಮಸ್ಸಿನ ಬೆಳಗ್ಗೆ, ಕೈ ಮರಗಟ್ಟುವ ಚಳಿ, ದೊರೆಸಾನಮ್ಮ ಅಪ್ಪನಿಗೂ ಒಂದು ಕೊಟ್ಟರು. ಹಿತ್ತಲ ಕಟ್ಟೆಯ ಮೇಲೆ ಅಪ್ಪನಿಗೆಂದೇ ಕವುಚಿಟ್ಟ ಅಲ್ಯೂಮಿನಿಯಂ ಲೋಟದಲ್ಲಿ. ನನಗೆ ಒಂದು ಹಿಡಿ ಹಬ್ಬದ ಸಿಹಿ ಕುಲ್‌ಕುಲ್, ಬಾಟಲಿ ಸೋಕಿಸದ ಅರ್ಧ ಲೋಟ ಕಾಫಿ. ಅಪ್ಪ ಮೂಸಿದ, ನನ್ನ ಕಡೆ ನೋಡಿದ, ನಿಂತಲ್ಲೇ ಕುಡಿದು ಲೋಟ ತೊಳೆದಿಟ್ಟ. ವಾಪಸ್ ಗಾಡಿಯಲ್ಲಿ ಕೋರಮಂಡಲ್ ದಾಟುವವರೆಗೆ ಮಾತಿಲ್ಲ. ಆಮೇಲೆ ಖಾಲಿ ಕ್ಯಾನಿನ ಮೇಲೆ ತಾಳ ಹಾಕುತ್ತ ಅಂದ: "ಹಾಲು ನಮ್ದು, ಕೆನೆ ಅವರ್ದು ಕಣೋ." ಸ್ವಲ್ಪ ಹೊತ್ತು ಬಿಟ್ಟು, "ಅದ್ರಾಗೇನೋ ಔಷ್ಧಿ ಹಾಕವ್ರೆ. ನಿಮ್ಮವ್ವನ್ ಹತ್ರ ಅನ್ಬೇಡ."

ಲೈನ್ ಮನೆಗಳಲ್ಲಿ ರಮ್ಮು ಇರಲಿಲ್ಲ, ಸಾರಾಯಿ ಇತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ತಳದ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಕಾವು. ಬಂಡೆ ತಾನಾಗಿ ಸಿಡಿಯುತ್ತಿತ್ತು. ಮೇಲಿನ ಮನೆಗಳ ಪಾತ್ರೆ ಗಲಗಲ ಅಂದರೆ ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು. ಅಲ್ಲಿಂದ ಎದ್ದು ಬಂದವನು ಏನಾದರೂ ಕುಡಿಯುತ್ತಿದ್ದ. ಬಂಗಲೆಯಲ್ಲಿ ಕುಡಿದರೆ ಹಬ್ಬ, ದೊರೆಗಳ 1885ರ ಕ್ಲಬ್ಬಿನಲ್ಲಿ ಕುಡಿದರೆ ಮರ್ಯಾದೆ, ಲೈನಿನಲ್ಲಿ ಕುಡಿದರೆ ಕುಡುಕ. ಕೆಜಿಎಫ್ ಅನ್ನು ಪುಟ್ಟ ಇಂಗ್ಲೆಂಡ್ ಅಂತ ಹೊಗಳಿ ಬರೆಯುವವರು ಆ ಸಾರಾಯಿ ಅಂಗಡಿಯ ಮುಂದಿನ ಸಾಲಿನ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಆ ಹೊತ್ತಿಗೆ ಗಣಿಯೇ ಇರಲಿಲ್ಲ.

1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ತನ್ನದು ಮಾಡಿಕೊಂಡ ಮೇಲೆ ಬಂಗಲೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ನಮ್ಮ ದೊರೆಸಾನಮ್ಮ ಹೊರಟಿದ್ದು ನಾನು ಎಸ್ಸೆಸ್ಸೆಲ್ಸಿ ಓದುವಾಗ, ಪರ್ತ್‌ಗೆ. ಹೋಗುವಾಗ ಅಪ್ಪನಿಗೆ ಬಾಕಿ ಚುಕ್ತಾ ಮಾಡಿ, ಕೈಯಲ್ಲಿ ತಿರುಗಿಸಿ ಮೊಟ್ಟೆ ಕಡೆಯುವ ಒಂದು ಯಂತ್ರ ಕೊಟ್ಟರು. ಲ್ಯಾಕ್ಟೋಮೀಟರನ್ನು ಜೊತೆಗೆ ಒಯ್ದರೋ ಏನೋ ಅಂತ ಅಪ್ಪ ತಮಾಷೆ ಮಾಡುತ್ತಿದ್ದ. ಅವ್ವ ಆ ಯಂತ್ರದಲ್ಲಿ ಹತ್ತು ವರ್ಷ ಮಜ್ಜಿಗೆ ಕಡೆದಳು. ಆಮೇಲೆ ಹಳ್ಳಿಗೆ ಡೇರಿ ಬಂತು. 1974ರಲ್ಲಿ ರಾಜ್ಯದಲ್ಲಿ ಶುರುವಾದ ಹೈನು ಯೋಜನೆ ನಮ್ಮ ಓಣಿಗೆ ಮುಟ್ಟುವ ಹೊತ್ತಿಗೆ ಅಪ್ಪನ ಮಂಡಿ ಸವೆದಿತ್ತು. ಎಮ್ಮೆ ಹೋಗಿ ಸೀಮೆಹಸು ಬಂದವು, ಕ್ಯಾನು ರೈಲು ಹತ್ತುವುದು ನಿಂತಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಹಾಲಿನವರ ಬೋಗಿಯಲ್ಲಿ ಈಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಗಣಿಯ ಮಕ್ಕಳು ನಿಂತುಕೊಂಡು ನಿದ್ದೆ ಮಾಡುತ್ತಾರೆ.

ರಿಟೈರಾದ ವರ್ಷ ನಾನು ದೊರೆಸಾನಮ್ಮನ ಆ ಕಾಫಿ ಮಾಡಲು ಹೊರಟೆ. ಮೊದಲ ಸಲ ಮರ್ಯಾದೆ ಹೋಯಿತು. ಪ್ಯಾಕೆಟ್ಟಿನ ಹಾಲು ಕುದಿಸಿ, ಬೆಲ್ಲ ಹಾಕಿ, ಕುದಿಯುವಾಗಲೇ ರಮ್ಮು ಸುರಿದೆ. ಹಾಲು ಒಡೆದು ಗಿಣ್ಣಿನ ಹಾಗೆ ಚೂರುಚೂರು. ರಮ್ಮಿನ ಘಾಟು ಬೀದಿಯವರೆಗೂ ಹೋಗಿ ಎದುರು ಮನೆಯ ಶಾನುಭೋಗರು ಕೆಮ್ಮಿದರು. ತಪ್ಪು ಎಲ್ಲಿ ಅಂತ ಮೂರು ಸಲ ಕೆಟ್ಟ ಮೇಲೆ ಗೊತ್ತಾಯಿತು. ಬೆಲ್ಲವನ್ನು ಕಾದ ಹಾಲಿಗೆ ಹಾಕಬಾರದು, ಡಿಕಾಕ್ಷನ್ನಿನಲ್ಲೇ ಕರಗಿಸಿ ಸೋಸಬೇಕು. ರಮ್ಮನ್ನು ಕುದಿಸಬಾರದು, ಅದರ ಸಾರ 78 ಡಿಗ್ರಿಗೇ ಹಾರಿಹೋಗುತ್ತದೆ, ಆದ್ದರಿಂದ ಒಲೆಯಿಂದ ಇಳಿಸಿದ ಮೇಲೆಯೇ. ಕೆನೆಯನ್ನು ಕರಿಕಾಫಿಯ ಮೇಲೆ ಬಿಡಬೇಕು, ಬೆರೆಸಬಾರದು. ಸಿಹಿ ಕಮ್ಮಿಯಾದರೆ ಕೆನೆ ಮುಳುಗುತ್ತದೆ. ಬೆಲ್ಲ ಕಾಫಿಯನ್ನು ಭಾರ ಮಾಡುತ್ತದೆ, ಆ ಭಾರದ ಮೇಲೆ ಕೆನೆ ಹಗುರಾಗಿ ಕೂರುತ್ತದೆ. ಕೆನೆಯನ್ನು ಗಟ್ಟಿಯಾಗುವವರೆಗೆ ಕಡೆಯಲೂಬಾರದು, ದೋಸೆ ಹಿಟ್ಟಿನ ಹದಕ್ಕೆ ನಿಲ್ಲಿಸಬೇಕು.

ಒಂದು ದೊಡ್ಡ ಲೋಟಕ್ಕೆ ಗಟ್ಟಿ ಡಿಕಾಕ್ಷನ್ನು ಅರ್ಧ, ಬಿಸಿನೀರು ಕಾಲು ಭಾಗ, ಎರಡು ಚಮಚ ಬೆಲ್ಲ, ರಮ್ಮು 30 ಎಂಎಲ್. ಅದಕ್ಕಿಂತ ಹೆಚ್ಚು ಹಾಕಿದರೆ ಕಾಫಿ ಸೋಲುತ್ತದೆ. ಕೆನೆಗೆ ಮಾತ್ರ ಪ್ಯಾಕೆಟ್ಟನ್ನು ನಂಬಬೇಡಿ. ಕೊಬ್ಬಿನ ಕಣಗಳನ್ನು ಒಡೆದು ಹಾಲಿನಲ್ಲೇ ಹಂಚಿಬಿಟ್ಟ ಪ್ಯಾಕೆಟ್ಟಾದರೆ ರಾತ್ರಿಯೆಲ್ಲ ಕಾದರೂ ಮೇಲೆ ಏನೂ ಬರುವುದಿಲ್ಲ. ನಾನು ನಮ್ಮ ಹಳೆಯ ಹಳ್ಳಿಗೆ ಹೋಗಿ, ಎಮ್ಮೆ ಉಳಿಸಿಕೊಂಡಿರುವ ಒಂದೇ ಒಂದು ಮನೆಯಿಂದ ಒಂದು ಲೀಟರು ತರುತ್ತೇನೆ. ಯಂತ್ರ ಅದೇ, ದೊರೆಸಾನಮ್ಮನದು. ಒಂದು ಹಲ್ಲು ಮುರಿದಿದೆ.

ನಾನು ರಿಟೈರಾದ ಆ ವರ್ಷ ಅವ್ವ ಬದುಕಿದ್ದಳು, ಎಂಬತ್ತು ದಾಟಿತ್ತು. ಹಜಾರದಲ್ಲಿ ಕೂತು ನನ್ನ ಯಜ್ಞವನ್ನೆಲ್ಲ ನೋಡುತ್ತಿದ್ದವಳು ಲೋಟ ಹತ್ತಿರ ತರಿಸಿಕೊಂಡು ಮೂಸಿದಳು.

"ನಿಮ್ಮಪ್ಪ ಆವತ್ತು ಕುಡ್ಕೊಂಡ್ ಬಂದಿದ್ದು ಇದೇನಾ?"

ನಾನು ಸುಮ್ಮನಿದ್ದೆ. ಐವತ್ತು ವರ್ಷ ಈ ಮಾತನ್ನು ಬಚ್ಚಿಟ್ಟುಕೊಂಡವನು ನಾನೊಬ್ಬನೇ ಅಂದುಕೊಂಡಿದ್ದೆ.

ಅವ್ವ ಚಮಚದಲ್ಲಿ ಕೆನೆಯನ್ನು ಒಂದು ಪಕ್ಕಕ್ಕೆ ಸರಿಸಿ, ಕೆಳಗಿನ ಕರಿಯದನ್ನು ಒಂದು ಗುಟುಕು ಕುಡಿದಳು. ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು.

"ಬೆಲ್ಲ ಸಾಲ್ದು," ಅಂದಳು.