ಲೀಜನ್ಸ್ ಅವೇಕ್

ಲೀಜನ್ಸ್ ಅವೇಕ್ ಬೆಂಗಳೂರಿನ ಮೆಟಲ್ ತಂಡ ಇನ್ನರ್ ಸ್ಯಾಂಕ್ಟಮ್‌ನ ಮೊದಲ ಪೂರ್ಣಪ್ರಮಾಣದ ಸ್ಟುಡಿಯೊ ಆಲ್ಬಮ್. ತಂಡ ಸ್ಥಾಪನೆಯಾದ ಎಂಟು ವರ್ಷಗಳ ನಂತರ, 2015ರಲ್ಲಿ ಇದು ಬಿಡುಗಡೆಯಾಯಿತು. ಇದರ ಗೀತೆಗಳು ಇಂಗ್ಲಿಷ್ ಭಾಷೆಯಲ್ಲಿವೆ.

ಹಿನ್ನೆಲೆ

ಇನ್ನರ್ ಸ್ಯಾಂಕ್ಟಮ್ 2007ರಲ್ಲಿ ಆರಂಭವಾಯಿತು. ಆಲ್ಬಮ್‌ಗೂ ಮುನ್ನ ತಂಡವು ‘ಪ್ರಾವನೆನ್ಸ್’ ಎಂಬ ಇಪಿಯನ್ನು ಹೊರತಂದಿತ್ತು. ಕೆಲವೇ ಹಾಡುಗಳಿರುವ, ಆಲ್ಬಮ್‌ಗಿಂತ ಚಿಕ್ಕದಾದ ಧ್ವನಿಮುದ್ರಿಕೆಯನ್ನು ಇಪಿ ಎನ್ನುತ್ತಾರೆ. ಅಮೆರಿಕದ ಮೆಟಾಲಿಕಾ ತಂಡವು ಭಾರತದಲ್ಲಿ ತನ್ನ ಮೊದಲ ಕಾರ್ಯಕ್ರಮವನ್ನು 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನೀಡಿತು. ಅಂದು ಮೆಟಾಲಿಕಾಗೆ ಮುನ್ನ ವೇದಿಕೆಯೇರಿದ ತಂಡಗಳಲ್ಲಿ ಇನ್ನರ್ ಸ್ಯಾಂಕ್ಟಮ್ ಸಹ ಒಂದಾಗಿತ್ತು. ಈ ಆಲ್ಬಮ್ ಬಂದದ್ದು ಅದಾಗಿ ನಾಲ್ಕು ವರ್ಷಗಳಿಗೆ. ಹೀಗೆ ಈ ಆಲ್ಬಮ್‌ಗಿಂತ ಮೊದಲೇ ತಂಡವು ವೇದಿಕೆಯ ಮೂಲಕ ಕೇಳುಗರನ್ನು ಗಳಿಸಿಕೊಂಡಿತ್ತು.

ಶೈಲಿ

ಥ್ರ್ಯಾಶ್ ಮೆಟಲ್‌ನ ವೇಗದ ಗಿಟಾರ್ ವಾದನ ಹಾಗೂ ಡೆತ್ ಮೆಟಲ್‌ನ ಗರ್ಜನೆಯಂತಹ ಗಾಯನ ಇದರಲ್ಲಿ ಬೆರೆತಿವೆ. ಹಾರ್ಡ್‌ಕೋರ್ ಪಂಕ್ ಮತ್ತು ಮೆಟಲ್‌ಗಳ ಮಿಶ್ರಣವಾದ ಮೆಟಲ್‌ಕೋರ್ ಇದಕ್ಕೆ ಸಮೀಪದ, ಆದರೆ ಬೇರೆಯೇ ಆದ ಪ್ರಕಾರ.

ಪ್ರಮುಖ ಸದಸ್ಯರು

* ಗೌರವ್ ಬಸು – ಗಾಯನ. ಇವರು ‘ಆ್ಯಸಿಡ್ ಟೋಡ್’ ಎಂಬ ಹೆಸರಿನಲ್ಲಿ ಚಿತ್ರಕಲಾವಿದರಾಗಿಯೂ ಪರಿಚಿತರು
* ಚಿಂತನ್ ಚಿಣ್ಣಪ್ಪ – ಗಿಟಾರ್
* ಅಭಿನವ್ ಯೋಗೇಶ್ – ಡ್ರಮ್ಸ್