ರಾಯಚೂರು ಸೀಮೆಯ ಡಿಪಾಸಿಟ್ ದುಡ್ಡು

ನಮ್ಮಪ್ಪ ರಾಯಚೂರು ಕೋರ್ಟಿನ ಬಯಲಲ್ಲಿ ಅರ್ಜಿ ಬರೆಯುತ್ತಿದ್ದರು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಕಿರಾಯನಾಮೆಗಳನ್ನೂ, ಅಂದರೆ ಬಾಡಿಗೆ ಕರಾರುಗಳನ್ನೂ, ಅದರಲ್ಲೇ ಬರೆದವರು. ಅವರ ಟ್ರಂಕಿನಲ್ಲಿ ಉಳಿದ ಕಾಗದಗಳಲ್ಲಿ ಮನೆಯ ಚೆಕ್ಕುಬಂದಿ ಇದೆ, ತಿಂಗಳ ಕಿರಾಯಿ ಇದೆ, ಇಬ್ಬರು ಸಾಕ್ಷಿಗಳ ರುಜು ಇದೆ. ಡಿಪಾಸಿಟ್ ಇಲ್ಲ. ಆ ಸಾಕ್ಷಿಗಳೇ ಜಾಮೀನು. ಬಾಡಿಗೆ ನಿಂತರೆ ಮಾಲೀಕ ನೇರ ಅವರ ಮನೆಗೆ ಹೋಗುತ್ತಿದ್ದ.

ಪರಿಚಯವಿಲ್ಲದವನಿಗೆ ಸಾಕ್ಷಿ ಯಾರು? ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ ಊರಿಗೆ ಹೊರಗಿನವರು ಬರತೊಡಗಿದರು. 1953ರ ನಂತರ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಮಾನ್ವಿ ಸುತ್ತ ಆಂಧ್ರದ ರೈತರ ಕ್ಯಾಂಪುಗಳೆದ್ದವು. ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿಗಳಾದವು. 1985ರಲ್ಲಿ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾಯಿತು. ಸಾಕ್ಷಿ ನಿಲ್ಲುವ ನೆಂಟರಿಲ್ಲದವರಿಂದ ಮಾಲೀಕರು ದುಡ್ಡು ಹಿಡಿದುಕೊಳ್ಳತೊಡಗಿದರು. ಹೊರಗಿನವನಾಗಿದ್ದಕ್ಕೆ ಕಟ್ಟುವ ಹಣ ಅದು ಎಂದೇ ನಾನು ತಿಳಿದಿದ್ದೇನೆ. ದೇವದುರ್ಗಕ್ಕೆ ವರ್ಗವಾಗಿ ಬರುವ ಮೇಷ್ಟ್ರುಗಳಿಂದಲೂ ಕೇಳುತ್ತಾರೆ. ಅದೇ ತಾಲ್ಲೂಕಿನಿಂದ ಬೆಂಗಳೂರಿಗೆ ಗುಳೆ ಹೋಗುವ ಕೂಲಿಗಳಿಗೆ ಅಲ್ಲಿನ ಹತ್ತು ತಿಂಗಳ ಅಡ್ವಾನ್ಸ್ ಎಲ್ಲಿಂದ ಬರಬೇಕು? ಶೆಡ್ಡಿನಲ್ಲೇ ಉಳಿಯುತ್ತಾರೆ.

ಕಾಯ್ದೆಯ ಕಣ್ಣು ಈ ದುಡ್ಡಿನ ಮೇಲೆ ಸರಿಯಾಗಿ ಬೀಳಲೇ ಇಲ್ಲ. 1954ರಲ್ಲಿ ಹೈದರಾಬಾದ್ ರಾಜ್ಯದ ಮನೆ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಅಪ್ಪನ ಕೊನೆಯ ವರ್ಷಗಳೆಲ್ಲ ಮನೆ ಬಾಡಿಗೆಯ ‘ಎಚ್‌ಆರ್‌ಸಿ ಕೇಸು’ಗಳಲ್ಲೇ ಕಳೆದವು. ಜಗಳ ಮುಖ್ಯವಾಗಿ ಎರಡೇ: ಬಾಡಿಗೆ ನ್ಯಾಯವೇ, ಮನೆ ಬಿಡಿಸಬಹುದೇ. 21ನೇ ಕಲಮಿನ ‘ಎಚ್’ ಉಪಕಲಮು, ಅಂದರೆ ಮಾಲೀಕನಿಗೇ ಮನೆ ಬೇಕು ಎಂಬ ಕಾರಣ, ವಕೀಲರ ಬಾಯಲ್ಲಿ ದಿನವೂ ಇರುತ್ತಿತ್ತು. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿತು. ಇವತ್ತು ಮಾನ್ವಿಯಲ್ಲೂ ಆ ಬಾಡಿಗೆಗೆ ಒಳ್ಳೆಯ ಮನೆ ಸಿಗದು. ಮಿತಿ ಮೀರಿದ ಮನೆಗಳವರಿಗೆ ಉಳಿದದ್ದು ಸಿವಿಲ್ ಕೋರ್ಟು.

ಮನೆ ಬಿಡುವಾಗಿನ ಮಾತು ಎಲ್ಲ ಕಡೆ ಒಂದೇ: “ಬಣ್ಣಕ್ಕಂತ ಹಿಡ್ಕೊಂಡೀನಿ.” ನಮ್ಮ ಬೋರಿನ ಸವುಳು ನೀರಿಗೆ ಬಚ್ಚಲ ಗೋಡೆ ಬೆಳ್ಳಗೆ ಹೊಪ್ಪಳಿಸುತ್ತದೆ, ಮೇ ತಿಂಗಳ ಬಿಸಿಲಿಗೆ ಸುಣ್ಣ ಉದುರುತ್ತದೆ. ಅದು ಬಾಡಿಗೆದಾರನ ತಪ್ಪಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಳಕೆಯಿಂದಾದ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಒಡೆದ ಕಿಟಕಿಗೆ ಹಣ ಮುರಿಯಲಿ, ಒಪ್ಪುತ್ತೇನೆ. ನಾಲ್ಕು ವರ್ಷದ ಹಳೇ ಸುಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿಯುವುದು ಅನ್ಯಾಯ.

ಬಡವರು ಸೋಲುವುದು ಪುರಾವೆಯಲ್ಲಿ. ಕೈಯಲ್ಲಿ ಕೊಟ್ಟ ದುಡ್ಡಿಗೆ ರಸೀದಿ ಕೇಳಲು ಸಂಕೋಚ. ಹಾಗಾಗಿ ನನ್ನ ಹತ್ತಿರ ಕರಾರು ಬರೆಸಲು ಬಂದವರಿಗೆಲ್ಲ ಡಿಪಾಸಿಟ್ಟಿನ ಮೊತ್ತ, ಹಿಂದಿರುಗಿಸುವ ದಿನ, ಯಾವುದಕ್ಕೆ ಮುರಿಯಬಹುದು ಎಂಬುದು ಮೂರನ್ನೂ ಬರೆಸಿಯೇ ಕಳಿಸುತ್ತೇನೆ. ಫೋನ್‌ಪೇಯಲ್ಲಿ ಕಳಿಸಿದರೆ ‘ಮನೆ ಡಿಪಾಸಿಟ್’ ಎಂದು ಬರೆಯಿರಿ ಅನ್ನುತ್ತೇನೆ.

ಡಿಪಾಸಿಟ್ ವಾಪಸು ಕೇಳುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಮೊದಲು ನೋಟೀಸು ಕೊಟ್ಟು, ಆಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗುವುದು ಲೇಸು. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಪುಕ್ಕಟೆ. ಲೋಕ ಅದಾಲತ್ತಿನ ರಾಜಿ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ಕೇಂದ್ರ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಬೇಡ ಎನ್ನುತ್ತದೆ. ಆದರೆ ಮಾದರಿ ಕಾಯ್ದೆ ತಾನಾಗಿ ಜಾರಿಯಾಗದು. ವಿಧಾನಸೌಧದಲ್ಲಿ ಅದನ್ನು ಪಾಸು ಮಾಡಬೇಕು, ಮಾಡಲೇಬೇಕು.