ಕೀನ್ಯಾದ ಗುತ್ತಿಗೆ ಮೇಷ್ಟ್ರುಗಳು: ಅರ್ಧ ಹೇಳಿದ ಕಥೆಯ ಇನ್ನರ್ಧ

ಕೀನ್ಯಾದ ಹಳ್ಳಿ ಶಾಲೆಗಳಲ್ಲಿ ಎಷ್ಟು ಜನ ಮೇಷ್ಟ್ರಿದ್ದಾರೆ ಎಂದು ಕೇಳಿದರೆ ಬರುವ ಲೆಕ್ಕ ಒಂದಲ್ಲ, ಎರಡು. ‘ಟಿಎಸ್‌ಸಿಯವರು ಇಷ್ಟು, ಪಿಟಿಎಯವರು ಇಷ್ಟು’ ಅನ್ನುವ ಹಾಗೆ. ಟಿಎಸ್‌ಸಿ ಅಂದರೆ ಟೀಚರ್ಸ್ ಸರ್ವಿಸ್ ಕಮಿಷನ್, ಅಂದರೆ ಕಾಯಂ ನೌಕರಿ, ಪೆನ್ಷನ್. ಪಿಟಿಎ ಅಂದರೆ ಪೋಷಕರ ಸಂಘದವರು ಕೈಯಿಂದ ಹಾಕಿ ಇಟ್ಟುಕೊಂಡವರು. ಸ್ವಾಹಿಲಿ ಭಾಷೆಯಲ್ಲಿ ಮಕ್ಕಳು ಇಬ್ಬರನ್ನೂ ಕರೆಯುವುದು ‘ಮ್ವಾಲಿಮು’ ಎಂದೇ. ಪಾಠ ಒಂದೇ, ಬೋರ್ಡು ಒಂದೇ. ಸಂಬಳ ಮಾತ್ರ ಬೇರೆ.

ಜೂನ್‌ನಲ್ಲಿ ಬಂದು ಮಾರ್ಚ್‌ನಲ್ಲಿ ಹೊರಡುವ ಅತಿಥಿ ಶಿಕ್ಷಕರನ್ನು ನೋಡಿರುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಅಷ್ಟು ದೂರದ ಕೀನ್ಯಾವನ್ನು ನಾವು ಹಿಡಿದುಕೊಂಡಿದ್ದಕ್ಕೆ ಕಾರಣವಿದೆ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಮೂವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಡುಫ್ಲೊ ಮತ್ತು ಕ್ರೆಮರ್ ಕೀನ್ಯಾದ ಶಾಲೆಗಳಲ್ಲಿ ಮಾಡಿದ ಒಂದು ಪ್ರಯೋಗವನ್ನು ‘ಗುತ್ತಿಗೆ ಮೇಷ್ಟ್ರು ಕಾಲು ಸಂಬಳಕ್ಕೆ ಚೆನ್ನಾಗಿ ಕಲಿಸುತ್ತಾರೆ’ ಎಂಬ ಒಂದೇ ಸಾಲಿಗೆ ಇಳಿಸಿ ಹೇಳುವವರು ಬಹಳ. ಆ ಸಾಲು ಸುಳ್ಳಲ್ಲ, ಅರ್ಧ. ಇನ್ನರ್ಧ ನಡೆದದ್ದು ಆಮೇಲೆ. ನಾವು ಕೀನ್ಯಾ ನೋಡಿದವರಲ್ಲ, ಓದಿ ತಿಳಿದದ್ದನ್ನು ಹೇಳುತ್ತಿದ್ದೇವೆ.

ಊರಿನವರೇ ಮೇಷ್ಟ್ರನ್ನು ಇಟ್ಟುಕೊಳ್ಳುವುದು ಆ ದೇಶಕ್ಕೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ಶಾಲೆಗಳು ಹೆಚ್ಚಾಗಿ ಮಿಷನರಿಗಳ ಕೈಯಲ್ಲಿದ್ದವು. 1929ರ ಸುಮಾರಿಗೆ ಕಿಕುಯು ಜನರಿಗೂ ಮಿಷನರಿಗಳಿಗೂ ಪದ್ಧತಿ ಸಂಪ್ರದಾಯದ ವಿಷಯದಲ್ಲಿ ಜಗಳವಾಯಿತು. ಜನ ಮಿಷನ್ ಶಾಲೆ ಬಿಟ್ಟು ತಮ್ಮದೇ ಸ್ವತಂತ್ರ ಶಾಲೆಗಳನ್ನು ಕಟ್ಟಿಕೊಂಡರು. ಕಟ್ಟಡ ಹೇಗೋ ಆಯಿತು, ಮೇಷ್ಟ್ರು ಎಲ್ಲಿಂದ? ಅದಕ್ಕಾಗಿ 1939ರಲ್ಲಿ ಗಿಥುಂಗುರಿ ಎಂಬಲ್ಲಿ ಒಂದು ಶಿಕ್ಷಕರ ಕಾಲೇಜು ಶುರುವಾಯಿತು. ಮುಂದೆ ದೇಶದ ಮೊದಲ ಅಧ್ಯಕ್ಷನಾದ ಜೊಮೊ ಕೆನ್ಯಾಟ ಇಂಗ್ಲೆಂಡಿನಿಂದ ಮರಳಿದ ಮೇಲೆ ಆ ಕಾಲೇಜಿಗೆ ಪ್ರಿನ್ಸಿಪಾಲ್ ಆಗಿದ್ದ. 1952ರಲ್ಲಿ ಮೌ ಮೌ ಹೋರಾಟ ಹತ್ತಿಕ್ಕಲು ತುರ್ತು ಪರಿಸ್ಥಿತಿ ಹೇರಿದಾಗ ಸರ್ಕಾರ ಅದನ್ನೂ ಅಂಥ ಶಾಲೆಗಳನ್ನೂ ಮುಚ್ಚಿಸಿತು.

1963ರ ಡಿಸೆಂಬರ್ 12ಕ್ಕೆ ಸ್ವಾತಂತ್ರ್ಯ ಬಂತು. ಕೆನ್ಯಾಟ ಕೊಟ್ಟ ಘೋಷಣೆ ‘ಹರಾಂಬೇ’. ಎಲ್ಲರೂ ಸೇರಿ ಎಳೆಯೋಣ ಎಂದು ಅರ್ಥ. ಊರೂರಲ್ಲಿ ಜನ ವಂತಿಗೆ ಎತ್ತಿ ಶಾಲೆ ಕಟ್ಟಿದರು. ನಮ್ಮಲ್ಲಿ ದೇವಸ್ಥಾನಕ್ಕೆ ಪಟ್ಟಿ ಎತ್ತುತ್ತೇವಲ್ಲ, ಹಾಗೆ.

ಆದರೆ ಮೇಷ್ಟ್ರುಗಳಿಗೆ ಬೇಕಾಗಿದ್ದು ಬೇರೆ. ಮಿಷನ್ ಒಂದು ಕಡೆ, ಜಿಲ್ಲಾ ಕೌನ್ಸಿಲ್ ಇನ್ನೊಂದು ಕಡೆ, ಒಬ್ಬೊಬ್ಬ ಧಣಿಯದು ಒಂದೊಂದು ಸಂಬಳ. ಕೌನ್ಸಿಲ್ಲಿನ ಬೊಕ್ಕಸ ಖಾಲಿಯಾದರೆ ಸಂಬಳವೇ ಇಲ್ಲ. 1957ರಲ್ಲಿ ಹುಟ್ಟಿದ ಶಿಕ್ಷಕರ ಸಂಘ ‘ಕ್ನುಟ್’ (ಕೀನ್ಯಾ ನ್ಯಾಷನಲ್ ಯೂನಿಯನ್ ಆಫ್ ಟೀಚರ್ಸ್) ಕೇಳಿದ್ದು ಇಷ್ಟೇ: ದೇಶಕ್ಕೆಲ್ಲ ಒಬ್ಬನೇ ಧಣಿ, ಒಂದೇ ವೇತನ ಪಟ್ಟಿ. ಮುಷ್ಕರಗಳ ನಂತರ 1967ರಲ್ಲಿ ಟಿಎಸ್‌ಸಿ ಬಂತು. ಇದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಗುತ್ತಿಗೆ ಎಂಬ ಮಾತು ಬಂದಾಗಲೆಲ್ಲ ಸಂಘ ಯಾಕೆ ಮೈಮೇಲೆ ಬಂದಂತೆ ಆಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಅವರಿಗೆ ಟಿಎಸ್‌ಸಿ ನಂಬರ್ ಯಾರೋ ದಯಪಾಲಿಸಿದ್ದಲ್ಲ, ಪಡೆದದ್ದು.

ಇನ್ನು ಮಕ್ಕಳ ಕಡೆ. 1974ರಲ್ಲಿ ಮೊದಲ ನಾಲ್ಕು ತರಗತಿಗಳ ಫೀಸು ರದ್ದಾಯಿತು. ಒಂದೇ ವರ್ಷದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಸುಮಾರು 18 ಲಕ್ಷದಿಂದ ಸುಮಾರು 28 ಲಕ್ಷಕ್ಕೆ ಏರಿದರು. ತರಬೇತಿ ಆದ ಮೇಷ್ಟ್ರು ಅಷ್ಟು ಇರಲಿಲ್ಲ. ತರಬೇತಿ ಇಲ್ಲದವರನ್ನು ಸಾವಿರಗಟ್ಟಲೆ ತುಂಬಿಕೊಂಡರು. ಫೀಸು ಹೋದ ಜಾಗಕ್ಕೆ ‘ಕಟ್ಟಡ ನಿಧಿ’ ಎಂಬ ಇನ್ನೊಂದು ಫೀಸು ಬಂದು ಕೂತಿತು. ಬಡವರ ಮಕ್ಕಳು ಎಷ್ಟೋ ಜನ ಬಂದ ದಾರಿಗೆ ಸುಂಕವಿಲ್ಲದೆ ಮನೆಗೆ ಹೋದರು. 1980ರ ದಶಕದಲ್ಲಿ ವಿಶ್ವಬ್ಯಾಂಕು, ಐಎಂಎಫ್ ಸಾಲದ ಷರತ್ತುಗಳು ಬಂದ ಮೇಲೆ ‘ಖರ್ಚು ಹಂಚಿಕೊಳ್ಳಿ’ ಎಂಬುದೇ ಸರ್ಕಾರದ ನೀತಿಯಾಯಿತು.

ಗುತ್ತಿಗೆ ಕಥೆ ನಿಜವಾಗಿ ಶುರುವಾಗುವುದು 1997ರಲ್ಲಿ. ಆ ಡಿಸೆಂಬರ್‌ನಲ್ಲಿ ಚುನಾವಣೆ. ಅಕ್ಟೋಬರ್‌ನಲ್ಲಿ ಕ್ನುಟ್ ಮುಷ್ಕರ ಹೂಡಿತು. ಅಧ್ಯಕ್ಷ ಡ್ಯಾನಿಯಲ್ ಅರಪ್ ಮೊಯಿ ಹಿಂದೆ ತಾನೂ ಮೇಷ್ಟ್ರಾಗಿದ್ದವನು. ಮತದಾನದ ಹೊಸ್ತಿಲಲ್ಲಿ ಮೇಷ್ಟ್ರುಗಳನ್ನು ಎದುರು ಹಾಕಿಕೊಳ್ಳುವಂತಿರಲಿಲ್ಲ. ಐದು ವರ್ಷಗಳಲ್ಲಿ ಹಂತಹಂತವಾಗಿ ಶೇ 150ರಿಂದ 200ರಷ್ಟು ಸಂಬಳ ಏರಿಸುವುದಾಗಿ ಸರ್ಕಾರ ಸಹಿ ಹಾಕಿತು. ಚುನಾವಣೆ ಗೆದ್ದಾಯಿತು. ಮೊದಲ ಕಂತು ಕೊಟ್ಟು, ಉಳಿದದ್ದಕ್ಕೆ ದುಡ್ಡಿಲ್ಲ ಅಂದರು. 1998ರಲ್ಲಿ ಮತ್ತೆ ಮುಷ್ಕರ. ಅದೇ ವರ್ಷ ಹೊಸ ನೇಮಕಾತಿಗೆ ಬೀಗ ಬಿತ್ತು. ಒಟ್ಟು ಶಿಕ್ಷಕರ ಸಂಖ್ಯೆ ಸುಮಾರು 2.35 ಲಕ್ಷಕ್ಕೆ ನಿಂತಿತು. ಯಾರಾದರೂ ನಿವೃತ್ತರಾದರೆ ಅಥವಾ ತೀರಿಕೊಂಡರೆ ಮಾತ್ರ ಆ ಜಾಗಕ್ಕೆ ಇನ್ನೊಬ್ಬರು. ಏಡ್ಸ್ ಮೇಷ್ಟ್ರುಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ವರ್ಷಗಳು ಅವು. ತರಬೇತಿ ಕಾಲೇಜುಗಳು ಮಾತ್ರ ಬಾಗಿಲು ಹಾಕಲಿಲ್ಲ. ಸರ್ಟಿಫಿಕೇಟು ಹಿಡಿದ ಹುಡುಗ ಹುಡುಗಿಯರು ಪ್ರತಿ ವರ್ಷ ಹೊರಬಿದ್ದು ಸರದಿಯಲ್ಲಿ ನಿಂತರು.

ಬಾಗಿಲು ಹೀಗೆ ಮುಚ್ಚಿದ್ದಾಗಲೇ 2003ರ ಜನವರಿ ಬಂತು. ಮ್ವಾಯಿ ಕಿಬಾಕಿಯ ಹೊಸ ಸರ್ಕಾರ ಇಡೀ ಪ್ರಾಥಮಿಕ ಶಿಕ್ಷಣ ಉಚಿತ ಎಂದು ಸಾರಿತು. ಮಕ್ಕಳು ಸುಮಾರು 59 ಲಕ್ಷದಿಂದ ಸುಮಾರು 72 ಲಕ್ಷಕ್ಕೆ ಜಿಗಿದರು. ಮರು ವರ್ಷ ಎಲ್ಡೊರೆಟ್ ಪಟ್ಟಣದ ಶಾಲೆಯಲ್ಲಿ ಕಿಮಾನಿ ಮರುಗೆ ಎಂಬ 84 ವರ್ಷದ ಅಜ್ಜ ಒಂದನೇ ತರಗತಿಗೆ ಸೇರಿಕೊಂಡ. ಮೌ ಮೌ ಹೋರಾಟದಲ್ಲಿದ್ದವನು. ಅವನ ಫೋಟೊ ಜಗತ್ತೆಲ್ಲ ಓಡಾಡಿತು. ಆದರೆ ಅಜ್ಜನನ್ನೂ ಹೊಸ ಮಕ್ಕಳನ್ನೂ ಕೂರಿಸಿಕೊಂಡು ಕಲಿಸಲು ಮೇಷ್ಟ್ರ ಸಂಖ್ಯೆ ಅಷ್ಟೇ ಇತ್ತು. ಒಂದು ಕೋಣೆಯಲ್ಲಿ 80, 100 ಮಕ್ಕಳು.

ಸರ್ಕಾರ ಮಗುವಿಗೆ ವರ್ಷಕ್ಕೆ 1,020 ಶಿಲ್ಲಿಂಗ್ ಲೆಕ್ಕದಲ್ಲಿ ಶಾಲೆಯ ಎರಡು ಬ್ಯಾಂಕ್ ಖಾತೆಗೆ ಹಾಕುತ್ತಿತ್ತು. ಪುಸ್ತಕ, ಪೆನ್ಸಿಲಿನ ಖಾತೆಗೆ ‘ಸಿಂಬಾ’ ಎಂದು ಹೆಸರು. ಸ್ವಾಹಿಲಿಯಲ್ಲಿ ಸಿಂಹ. ಸಿಂಹದ ಬಾಯಲ್ಲಿ ಪುಸ್ತಕಕ್ಕೆ ದುಡ್ಡಿತ್ತು, ಇನ್ನೊಂದು ಖಾತೆಯಲ್ಲಿ ರಿಪೇರಿಗೆ, ಕಾವಲುಗಾರನಿಗೆ ಇತ್ತು. ಮೇಷ್ಟ್ರ ಸಂಬಳಕ್ಕೆ ಅಂತ ಬಾಬ್ತು ಇರಲಿಲ್ಲ. ಪೋಷಕರಿಂದ ಎತ್ತೋಣವೆಂದರೆ ‘ಉಚಿತ ಶಿಕ್ಷಣ’. ಹಾಗಾಗಿ ಎಷ್ಟೋ ಶಾಲೆಗಳು ಪಿಟಿಎ ಮೇಷ್ಟ್ರನ್ನು ಕಳಿಸಿಬಿಟ್ಟವು. ಮಕ್ಕಳು ಹೆಚ್ಚಾದ ಹೊತ್ತಿನಲ್ಲಿ ಪಾಠ ಹೇಳುವವರು ಕಡಿಮೆಯಾದರು.

ನೊಬೆಲ್ ಪಡೆದವರ ಪ್ರಯೋಗ ಬರುವುದು ಈ ಸಂಕಟದ ನಡುವೆ, 2005ರಲ್ಲಿ. ಡುಫ್ಲೊ, ಕ್ರೆಮರ್ ಜೊತೆ ಪಾಸ್ಕಲಿನ್ ಡುಪಾ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞೆ. ಪಶ್ಚಿಮ ಕೀನ್ಯಾದ 210 ಶಾಲೆಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ 140 ಶಾಲೆಗಳಿಗೆ ಒಂದನೇ ತರಗತಿಗೆಂದು ಒಬ್ಬ ಹೆಚ್ಚುವರಿ ಮೇಷ್ಟ್ರ ದುಡ್ಡು ಕೊಟ್ಟರು. ದುಡ್ಡು ಬಂದದ್ದು ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ. ನೇಮಿಸಿದ್ದು ಶಾಲಾ ಸಮಿತಿ, ನಮ್ಮ ಎಸ್‌ಡಿಎಂಸಿ ಇದ್ದ ಹಾಗೆ. ವರ್ಷದ ಒಪ್ಪಂದ, ಕೆಲಸ ಸರಿಯಿದ್ದರೆ ಮುಂದುವರಿಕೆ. ಸಂಬಳ ಕಾಯಂ ಮೇಷ್ಟ್ರದರ ಕಾಲು ಭಾಗ. ನೇಮಕವಾದವರು ಅರೆಬರೆ ಓದಿದವರಲ್ಲ. ಅದೇ ಸರ್ಟಿಫಿಕೇಟು ಹಿಡಿದು ಸರದಿಯಲ್ಲಿ ನಿಂತಿದ್ದವರೇ.

ಗುತ್ತಿಗೆ ಮೇಷ್ಟ್ರ ಕೈಗೆ ಸಿಕ್ಕ ಮಕ್ಕಳು ಹೆಚ್ಚು ಕಲಿತರು. ಮುನ್ಸೂಚನೆ ಇಲ್ಲದೆ ಹೋಗಿ ನೋಡಿದಾಗ ಅವರು ಕಾಯಂ ಮೇಷ್ಟ್ರಿಗಿಂತ ಹೆಚ್ಚಾಗಿ ತರಗತಿಯಲ್ಲೇ ಪಾಠ ಮಾಡುತ್ತಿದ್ದರು.

ಇದಿಷ್ಟೇ ಸುದ್ದಿಯಾಯಿತು. ಅದೇ ಪ್ರಬಂಧದಲ್ಲಿ ಇನ್ನೂ ಎರಡು ಮಾತಿವೆ. ಒಂದು, ಹೊಸಬ ಬಂದ ಮೇಲೆ ಕಾಯಂ ಮೇಷ್ಟ್ರು ಸಡಿಲವಾದರು, ತರಗತಿಯಲ್ಲಿ ಕಾಣಿಸುವುದು ಕಡಿಮೆ ಮಾಡಿದರು. ಎರಡು, ಗುತ್ತಿಗೆ ಜಾಗಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಗಲೇ ಶಾಲೆಯಲ್ಲಿದ್ದ ಮೇಷ್ಟ್ರ ಸಂಬಂಧಿಕರಿಗೆ ಹೋಗಿತ್ತು. ತಮ್ಮ, ನಾದಿನಿ, ಅಕ್ಕನ ಮಗ ಇತ್ಯಾದಿ. ಸಮಿತಿಯವರಿಗೆ ತರಬೇತಿ ಕೊಟ್ಟು, ಹಾಜರಿ ನೋಡುವ, ವರ್ಷದ ಕೊನೆಗೆ ಸಭೆ ಕೂತು ನಿರ್ಧರಿಸುವ ಅಧಿಕಾರ ಪೋಷಕರಿಗೆ ಕೊಟ್ಟ ಶಾಲೆಗಳಲ್ಲಿ ಈ ಎರಡೂ ರೋಗ ಕಡಿಮೆಯಾದವು. ಅಂದರೆ ಗುಣ ಇದ್ದದ್ದು ‘ಗುತ್ತಿಗೆ’ ಎಂಬ ಪದದಲ್ಲಿ ಅಲ್ಲ, ‘ಕಾಲು ಸಂಬಳ’ದಲ್ಲಂತೂ ಅಲ್ಲ. ಯಾರು ನೇಮಿಸಿದರು, ಯಾರು ಬಂದು ನೋಡಿದರು, ದುಡ್ಡು ಹೇಗೆ ಬಂತು ಎಂಬುದರಲ್ಲಿತ್ತು. ಇದು ನಮ್ಮ ಓದು. ಮುಂದೆ ನಡೆದದ್ದು ಅದನ್ನೇ ಹೇಳುತ್ತದೆ ಎಂದು ನಮಗೆ ಅನ್ನಿಸುತ್ತದೆ.

2009ರಲ್ಲಿ ಸರ್ಕಾರ ಇದನ್ನೇ ದೇಶಕ್ಕೆಲ್ಲ ಹಬ್ಬಿಸಲು ಹೊರಟಿತು. ಸುಮಾರು 18,000 ಗುತ್ತಿಗೆ ಶಿಕ್ಷಕರು. ಕ್ನುಟ್ ಕೋರ್ಟಿಗೆ ಹೋಯಿತು, ಬೀದಿಗೂ ಇಳಿಯಿತು. ಈ ವೇಳೆಗೆ ಟೆಸ್ಸಾ ಬೋಲ್ಡ್ ಮತ್ತು ಅವರ ಸಂಗಡಿಗ ಸಂಶೋಧಕರು ಎಂಟೂ ಪ್ರಾಂತ್ಯಗಳಿಂದ 192 ಶಾಲೆ ಆರಿಸಿಕೊಂಡು ಇನ್ನೊಂದು ಪರೀಕ್ಷೆ ಇಟ್ಟರು. 64 ಶಾಲೆಗಳಲ್ಲಿ ಗುತ್ತಿಗೆ ಮೇಷ್ಟ್ರನ್ನು ನಡೆಸಿದ್ದು ವರ್ಲ್ಡ್ ವಿಷನ್ ಸಂಸ್ಥೆ, 64ರಲ್ಲಿ ಸರ್ಕಾರದ ಶಿಕ್ಷಣ ಇಲಾಖೆ, ಉಳಿದ 64ಕ್ಕೆ ಯಾರೂ ಇಲ್ಲ. ಒಪ್ಪಂದ ಒಂದೇ, ವಿದ್ಯಾರ್ಹತೆ ಒಂದೇ. ಸಂಸ್ಥೆ ನಡೆಸಿದ ಕಡೆ ಮಕ್ಕಳ ಅಂಕ ಏರಿತು. ಸರ್ಕಾರ ನಡೆಸಿದ ಕಡೆ ಏರಲೇ ಇಲ್ಲ.

ಯಾಕೆ ಎಂದು ಹುಡುಕಿದಾಗ ಸಿಕ್ಕ ಕಾರಣಗಳು ಯಾವ ಹಳ್ಳಿಯವರಿಗಾದರೂ ಅರ್ಥವಾಗುವಂಥವು. ಸರ್ಕಾರದ ಶಾಲೆಗಳಿಗೆ ಬಂದು ನೋಡುವವರು ಕಡಿಮೆ. ಸಂಬಳ ಎರಡೂ ಕಡೆ ತಡವಾಗಿತ್ತು, ಸರ್ಕಾರದ ಕಡೆ ಇನ್ನೂ ತಡ. ಜೊತೆಗೆ ಸರ್ಕಾರ ನೇಮಿಸಿದವರಿಗೆ ‘ಇವತ್ತಲ್ಲ ನಾಳೆ ಸಂಘ ನಮ್ಮನ್ನು ಕಾಯಂ ಮಾಡಿಸುತ್ತದೆ’ ಎಂಬ ನಂಬಿಕೆ ಬೆಳೆದಿತ್ತು.

ಸಂಬಳ ತಡವಾಗುವುದು ಎಂದು ಬರೆಯಲು ಎರಡು ಪದ ಸಾಕು. ಕಾಲಂ ಸೆಂಟಿಮೀಟರ್ ಅಳೆದು ಸಂಭಾವನೆ ಪಡೆಯುವ ಅರೆಕಾಲಿಕ ವರದಿಗಾರರಾದ ನಮಗೆ ಅದರ ರುಚಿ ಗೊತ್ತು. ಮೂರನೇ ತಿಂಗಳೂ ಬ್ಯಾಂಕ್ ಮೆಸೇಜ್ ಬರದಿದ್ದಾಗ ಪೆಟ್ರೋಲ್ ಹಾಕಿಸಿಕೊಂಡು ಸುದ್ದಿಗೆ ಹೋಗುವುದಕ್ಕಿಂತ ಫೋನಿನಲ್ಲೇ ವಿಚಾರಿಸಿ ಬರೆದು ಕಳಿಸೋಣ ಅನ್ನಿಸುತ್ತದೆ. ನಾವೂ ಹಾಗೆ ಮಾಡಿದ್ದಿದೆ. ಆದ್ದರಿಂದ ಆ ಮೇಷ್ಟ್ರುಗಳು ಸೋಮಾರಿಗಳು ಎಂದು ಹೇಳುವ ಧೈರ್ಯ ನಮಗಿಲ್ಲ.

ಅವರ ನಂಬಿಕೆ ನಿಜವಾಯಿತು. 2011ರ ಸೆಪ್ಟೆಂಬರ್‌ನಲ್ಲಿ ದೇಶದ ಸರ್ಕಾರಿ ಶಾಲೆಗಳೆಲ್ಲ ಮುಷ್ಕರಕ್ಕೆ ಮುಚ್ಚಿದವು. ಕೊನೆಗೆ 18,000 ಗುತ್ತಿಗೆ ಶಿಕ್ಷಕರನ್ನು ಕಾಯಂ ಮಾಡಲು ಸರ್ಕಾರ ಒಪ್ಪಿತು. ‘ಕಾಲು ಸಂಬಳದ ಮೇಷ್ಟ್ರು’ ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದುಕೊಂಡರೆ ಹೆಸರು ಬದಲಾಯಿಸಿಕೊಂಡು ಮತ್ತೆ ಬಂತು. 2013ರ ಶಿಕ್ಷಣ ಕಾಯ್ದೆಯ ನಂತರ ಪಿಟಿಎ ಮೇಷ್ಟ್ರು ‘ಬಿಒಎಂ ಮೇಷ್ಟ್ರು’ ಆದರು. ಆಡಳಿತ ಮಂಡಳಿಯವರು ಎಂದು ಅರ್ಥ. ದುಡ್ಡು ಹೆಚ್ಚಾಗಿ ಪೋಷಕರದೇ. 2019ರಿಂದ ಟಿಎಸ್‌ಸಿಯೇ ‘ಇಂಟರ್ನ್’ ಎಂಬ ಹೆಸರಿನಲ್ಲಿ ನೇಮಿಸತೊಡಗಿತು. ಪ್ರಾಥಮಿಕ ಶಾಲೆಗೆ ತಿಂಗಳಿಗೆ 15,000 ಶಿಲ್ಲಿಂಗ್ ಭತ್ಯೆ. ಸಂಬಳವಲ್ಲ, ಭತ್ಯೆ. ಇಂಟರ್ನ್ ಅಂದರೆ ಕಲಿಯುವವರು ತಾನೇ? ಇವರು ಓದು ಮುಗಿಸಿ, ನೋಂದಣಿ ಮಾಡಿಸಿಕೊಂಡು, ಪೂರ್ತಿ ತರಗತಿ ನಡೆಸುತ್ತಿದ್ದವರು. 2023ರಲ್ಲಿ ಹೊಸ ಪಠ್ಯಕ್ರಮದ ಜೂನಿಯರ್ ಸೆಕೆಂಡರಿ ತರಗತಿಗಳನ್ನು ಪ್ರಾಥಮಿಕ ಶಾಲೆಗಳ ಆವರಣದಲ್ಲೇ ಶುರು ಮಾಡಿದಾಗ ಅದರ ಹೊರೆಯೂ ಬಹುಪಾಲು ಇಂಥವರ ಮೇಲೆ ಬಿತ್ತು. ಅವರಿಗೆ 20,000.

2024ರ ಏಪ್ರಿಲ್‌ನಲ್ಲಿ ನೈರೋಬಿಯ ಕಾರ್ಮಿಕ ನ್ಯಾಯಾಲಯ, ಅರ್ಹ ಶಿಕ್ಷಕರನ್ನು ಇಂಟರ್ನ್ ಎಂದು ದುಡಿಸುವುದು ನ್ಯಾಯಯುತ ದುಡಿಮೆಯ ಹಕ್ಕಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಮೇ ತಿಂಗಳಲ್ಲಿ ಇಂಟರ್ನ್‌ಗಳು ಪಾಠ ನಿಲ್ಲಿಸಿ ಬೀದಿಗೆ ಬಂದರು. 2025ರ ಜನವರಿಯಿಂದ ಅವರಲ್ಲಿ 46,000 ಜನರನ್ನು ಕಾಯಂ ಮಾಡುವ ತೀರ್ಮಾನವಾಯಿತು. ಆ ಜನವರಿಗೇ ಸೇರಿಕೊಳ್ಳುವಂತೆ ಟಿಎಸ್‌ಸಿ ಇನ್ನೊಂದು ಅರ್ಜಿ ಕರೆದಿತ್ತು, 20,000 ಹೊಸ ಇಂಟರ್ನ್‌ಗಳಿಗೆ.